ಕುತ್ತಿಗೆಯ ಮೇಲೆ ಎರಡು ಬೆರಳು

ವಾಲ್ಪರೈಸೊ ಊರಿನ ಗುಡ್ಡದ ಮೈಗೆ
ಏಣಿ ಒರಗಿಸಿದ ಹಾಗೆ ಹಳಿ.
ಅದರ ಮೇಲೆ ಎರಡು ಮರದ ಡಬ್ಬಿ:
ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.
ಮೇಲಿನ ಗೂಡಲ್ಲಿ ಕೂತು ಹಿಡಿಕೆ ಎಳೆಯುವವಳು ನಾನು,
ಎದೆಲ್ಮೀರಾ, ಹತ್ತೊಂಬತ್ತು ವರ್ಷದಿಂದ.

ಯಂತ್ರದ ಸದ್ದೆಲ್ಲ ನನಗೆ ಗೊತ್ತು.
ಚಳಿಗೆ ಕಿರುಗುಟ್ಟುವುದು ಹಲಗೆ, ಅದಕ್ಕೆ ಉತ್ತರ ಬೇಡ.
ಟಕ್ ಅನ್ನುವುದು ಹಳಿಯ ಆರನೇ ಬೆಸುಗೆ, ಅದು ಅಜ್ಜನ ಕಾಲದ್ದು.
ತಂತಿ ಸಿಳ್ಳೆ ಹೊಡೆದರೆ ಮಾತ್ರ ನಿಬಾಲ್ದೊನನ್ನು ಕರೆಯಬೇಕು,
ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಬರುತ್ತಾನೆ.

ನನ್ನ ಮೈಯ ಸದ್ದು ಮಾತ್ರ ಒಂದೂ ತಿಳಿಯದು.

ಅಕ್ಕ ಸತ್ತ ಚಳಿಗಾಲದಲ್ಲಿ ಶುರುವಾಯಿತು.
ತಟ್ಟೆ ತೊಳೆಯುತ್ತಿದ್ದವಳು, ನಲ್ಲಿ ನಿಲ್ಲಿಸದೆ ಹೋದಳು.
ಆಮೇಲೆ ನನ್ನ ಎರಡು ಬೆರಳು
ಕುತ್ತಿಗೆಯ ಎಡಕ್ಕೆ ಮನೆ ಮಾಡಿದವು.
ಎಪ್ಪತ್ತೆಂಟು. ಎಂಬತ್ತಾರು. ಎಣಿಸಿದಷ್ಟೂ ಏರುತ್ತಿತ್ತು,
ಅಟ್ಟಿದಷ್ಟೂ ಮೆಟ್ಟಿಲು ಹತ್ತುವ ಬೆಕ್ಕಿನ ಹಾಗೆ.
ಎಡಗೈಗೆ ಜೋಮು. ನಾಲಿಗೆಗೆ ತಾಮ್ರದ ರುಚಿ.
ಎದೆಯ ಮೂಲೆಯಲ್ಲಿ ಯಾರೋ ಗುಂಡಿ ಹೊಲಿಯುತ್ತಿರುವಂಥ ಚುಚ್ಚು.
ಮಾತ್ರೆಯ ಡಬ್ಬಿಯೊಳಗಿನ ಮಡಿಸಿದ ಚೀಟಿಯನ್ನು
ರಾತ್ರಿ ಎರಡಕ್ಕೆ ಪ್ರಾರ್ಥನೆಯಂತೆ ಓದಿ
ಅದರಲ್ಲಿದ್ದ ಬೇನೆಯನ್ನೆಲ್ಲ ಬೆಳಗಾಗುವುದರೊಳಗೆ ಪಟ್ಟೆ.
ಇಸಿಜಿ ಕಾಗದ ನಾಕು, ಚಮಚೆಗಳ ಖಾನೆಯಲ್ಲಿ.
ನಾಕೂ ಚೆನ್ನಾಗಿವೆ ಅಂದರು.
ಚೆನ್ನಾಗಿದೆ ಅನ್ನುವ ಮಾತಿನ ಬಿಸಿ
ಆಸ್ಪತ್ರೆಯ ಮೆಟ್ಟಿಲವರೆಗೆ ಇರುತ್ತಿತ್ತು,
ಬಸ್ಸು ಹತ್ತುವಾಗ ಆರಿರುತ್ತಿತ್ತು.

ಕೊನೆಗೆ ಆ ಹುಡುಗಿ, ಡಾಕ್ಟರ್ ಕೆಸಾದಾ,
ಐದನೇ ಕಾಗದ ತೆಗೆಯಲು ಒಪ್ಪಲಿಲ್ಲ.
"ನೋವು ಸುಳ್ಳಲ್ಲ," ಅಂದಳು. "ಜೋಮೂ ನಿಜ, ಚುಚ್ಚೂ ನಿಜ.
ಹೆದರಿದ ಮೈ ಉಸಿರನ್ನು ಗಟಗಟ ಕುಡಿಯುತ್ತದೆ,
ಸ್ನಾಯು ಬಿಗಿಯುತ್ತದೆ, ಬೆರಳು ಜುಮ್ಮೆನ್ನುತ್ತದೆ.
ಗಂಟೆ ನಿಜವಾಗಿಯೇ ಬಡಿಯುತ್ತಿದೆ; ಬೆಂಕಿ ಇಲ್ಲ, ಅಷ್ಟೆ.
ಬೆರಳು ಕುತ್ತಿಗೆಗೆ ಹೋಗಬೇಕು ಅಂದಾಗ
ನಿಮ್ಮ ಬಂಡಿ ಒಂದು ಸಲ ಮೇಲೆ ಬರುವ ತನಕ ಕಾಯಿರಿ."
ಎಂಬತ್ತು ಸೆಕೆಂಡು! ನನಗೆ ಸಿಟ್ಟು ಬಂತು.
ಇಪ್ಪತ್ತಾರರ ಹುಡುಗಿ, ಉಗುರಿಗೆ ಹಸಿರು ಬಣ್ಣ,
ಸಾವಿನ ವಿಷಯ ಇವಳಿಗೇನು ಗೊತ್ತು?

ಕಾದೆ ಅಂತಲ್ಲ. ಅರ್ಧ ದಾರಿಗೇ ಸೋಲುತ್ತಿದ್ದೆ,
ಬಂಡಿಗಳೆರಡೂ ಎದುರಾಗಿ ದಾಟುವ ಕಡೆ.

ಆಗಸ್ಟಿನ ಒಂದು ಸಂಜೆ, ಬಂದರಿನ ಮೇಲೆ ಮಂಜು,
ಸಾಲಲ್ಲಿ ಮೀನಿನ ಚೀಲದ ಹೆಂಗಸು, ಶಾಲೆಯ ಹುಡುಗರಿಬ್ಬರು.
ಕಾಲು ನಡುಗಿತು. ಎದೆ ಡವಡವ. ಕುರ್ಚಿ ತೇಲಿದಂತಾಯಿತು.
ಬಂತು, ಅಂದುಕೊಂಡೆ, ಇದೇ ಅದು,
ಅಕ್ಕಾ, ನಲ್ಲಿ ನಿಲ್ಲಿಸು.
ಕಣ್ಣೆತ್ತಿದರೆ
ಮಾಡಿನ ದೀಪ ತೂಗುತ್ತಿದೆ.
ಮೀನಿನ ಹೆಂಗಸು ಕಂಬ ಹಿಡಿದಿದ್ದಾಳೆ.
ನಡುಗಿದ್ದು ನಾನಲ್ಲ, ನೆಲ.

ಭೂಕಂಪ! ಅಬ್ಬಾ, ಬರೀ ಭೂಕಂಪ!
ನನ್ನ ಕೈ ಆಗಲೇ ಬ್ರೇಕಿನ ಮೇಲಿತ್ತು,
ಜೋಮಿಲ್ಲದ ಕೈ, ಕಲ್ಲಿನಂಥ ಕೈ,
ಬಂಡಿಗಳನ್ನು ನಡುಹಾದಿಯಲ್ಲೇ ನಿಲ್ಲಿಸಿತ್ತು.
ನಗತೊಡಗಿದೆ. ಯಾಕೆಂದು ತಿಳಿಯದೆ ಹುಡುಗರೂ ನಕ್ಕರು.
ಮೀನಿನವಳು ಎದೆಯ ಮೇಲೆ ಶಿಲುಬೆ ಬರೆದುಕೊಂಡು
ನನಗೆ ಹುಚ್ಚೆಂದಳು.
ದೀಪ ಸಣ್ಣಗೆ ತೂಗಿ, ಇನ್ನೂ ಸಣ್ಣಗೆ ತೂಗಿ, ನಿಂತಿತು.

ಈ ಊರಲ್ಲಿ ಯಾರೂ ಇಷ್ಟಕ್ಕೆಲ್ಲ ಸೂಪಿನ ಚಮಚೆ ಕೆಳಗಿಡುವುದಿಲ್ಲ.
ನೆಲ ಅಲ್ಲಾಡುತ್ತದೆ. ನೆಲವೇ ಹಾಗೆ.
ದೊಡ್ಡದು ಬಂದರೆ ಗೊತ್ತಾಗುತ್ತದೆ.
ಐವತ್ತೆರಡು ವರ್ಷ ನೆಲಕ್ಕೆ ಇದನ್ನು ಕ್ಷಮಿಸಿದ್ದೇನೆ,
ಒಂದು ಹಿಡಿ ಮಾಂಸಕ್ಕೆ ಯಾಕಿಲ್ಲ?

ವಾಸಿಯಾಯಿತು ಅನ್ನಲಾರೆ. ಮೊನ್ನೆಯೂ
ಔಷಧದಂಗಡಿಯ ಬಿಪಿ ಯಂತ್ರದ ಮುಂದೆ ನಿಂತೇ ಇದ್ದೆ,
ಒಂದು ಬಾಚಣಿಗೆ ಕೊಂಡು ಹೊರಬಂದೆ.
ಚುಚ್ಚು ಬರುತ್ತದೆ. ಬಾ, ಕೂತುಕೋ ಅನ್ನುತ್ತೇನೆ,
ಟಿಕೆಟ್ಟು ಹರಿಯುತ್ತಿರುತ್ತೇನೆ.

ಕೆಳಗಿನಿಂದ ಗಂಟೆ. ಹಿಡಿಕೆ ಎಳೆದೆ.
ಡಬ್ಬಿಗಳು ನಡುವಲ್ಲಿ ಎದುರಾದವು, ದಾಟಿದವು.
ಆರನೇ ಬೆಸುಗೆ ಟಕ್ ಅಂತು.
ನನ್ನೊಳಗೂ ಏನೋ ಟಕ್ ಅಂತು.
ಎರಡು ಬೆರಳು
ಟಿಕೆಟ್ಟಿನ ಮೇಲಿವೆ.