ನಲವತ್ತೊಂದನೇ ಪುಟ

ಬೈತಖೋಲದಲ್ಲಿ ಬೋಟುಗಳನ್ನೆಲ್ಲ ಕಟ್ಟಿಹಾಕಿದ ಎರಡು ತಿಂಗಳು
ಐಸ್ ಫ್ಯಾಕ್ಟರಿಯ ಲೆಕ್ಕದ ಮೇಜಿನಲ್ಲಿ ನನಗೆ ಒಂದೇ ಕೆಲಸ:
ಕೊಲೆ ಓದುವುದು.

ರಕ್ತ ಹರಿಯದ ಕೊಲೆ.
ಪಾಯಸದಲ್ಲಿ ಒಂದು ಚಮಚ ಏನೋ,
ದಾಸವಾಳದ ಬುಡದಲ್ಲಿ ಬಿದ್ದ ರಿಟೈರ್ಡ್ ಪೋಸ್ಟ್‌ಮಾಸ್ತರ,
ಹಪ್ಪಳ ಒಣಹಾಕುತ್ತಲೇ ಎಲ್ಲ ಪತ್ತೆ ಹಚ್ಚುವ ಟೀಚರಮ್ಮ.
ಕೊನೆಗೆ ಎಲ್ಲರೂ ಕೂತು ಚಹಾ ಕುಡಿಯುತ್ತಾರೆ,
ಸತ್ತವನೊಬ್ಬನನ್ನು ಬಿಟ್ಟು.

ದುರ್ಗೇಕರನ ಬಾಡಿಗೆ ಪುಸ್ತಕ, ದಿನಕ್ಕೆ ಎರಡು ರೂಪಾಯಿ.
ಈ ಸಲ ನಲವತ್ತೊಂದನೇ ಪುಟದಲ್ಲೇ ಯಾರೋ
ಪೆನ್ಸಿಲಿನಲ್ಲಿ ಬರೆದುಬಿಟ್ಟಿದ್ದಾರೆ:
‘ಕಂಪೌಂಡರನೇ. ನೋಡ್ತಾ ಇರಿ.’

ಮೈ ಉರಿಯಿತು. ಇದಕ್ಕೆ ಯಾವ ಸೆಕ್ಷನ್ನು?
ಪೋಸ್ಟ್‌ಮಾಸ್ತರನನ್ನು ಅಲ್ಲೇ ಬಿಟ್ಟು
ನನ್ನದೇ ತನಿಖೆಗಿಳಿದೆ.
ಅರವತ್ತರಲ್ಲಿ ಅಂಕೋಲೆಯಿಂದ ಕಾರವಾರಕ್ಕೆ ಒಂದು ಬಸ್ ಟಿಕೇಟು.
ಹೆಬ್ಬೆರಳಗಲ ಕೋಕಂ ಕಲೆ.
ಎರಡು ಪುಟಗಳ ನಡುವೆ ಒಣಗಿದ ಬಂಗಡೆಯ ಹುರುಪೆ, ಒಂದೇ ಒಂದು.
‘ಕಂ’ ಮಾತ್ರ ಎಡಕ್ಕೆ ವಾಲಿದೆ,
ಗಾಳಿಗೆ ಕೊಟ್ಟ ದೋಣಿಯ ಹಾಗೆ.

ರಾತ್ರಿ ಹನ್ನೊಂದಕ್ಕೆ ಕೊನೆಯ ಪುಟ ಮುಟ್ಟಿದರೆ
ಕೊಂದವಳು ಪೋಸ್ಟ್‌ಮಾಸ್ತರನ ಭಾವನ ಮಗಳು!
ಕೆಳಗೆ ಅದೇ ಕೈ, ಈಗ ಇರುವೆಗಾತ್ರ:
‘ತಪ್ಪಾಯ್ತು ಕಂಪೌಂಡರ್ರೇ, ಕ್ಷಮಿಸಿ.’

ಒಬ್ಬಳೇ ನಕ್ಕದ್ದಕ್ಕೆ ಅಮ್ಮ ಎದ್ದು ದೀಪ ಹಾಕಿದಳು.

ಆಗಸ್ಟ್ ಒಂದು. ಮೊದಲ ಬೋಟಿಗೆ ಮೂವತ್ತು ಬ್ಲಾಕ್ ಐಸು.
ತಾಂಡೇಲ ಚೀಟಿಯನ್ನು ಓರೆ ಮಾಡಿಕೊಂಡು
ಎಡಗೈಯಲ್ಲಿ ಸಹಿ ಹಾಕಿದ: ಶಾಬಾ ಹರಿಕಂತ್ರ.
‘ಕಂ’ ನೋಡಿದೆ. ಕಿವಿಯ ಮೇಲಿನ ಪೆನ್ಸಿಲ್ ನೋಡಿದೆ.

ಬಂಧಿಸಲಿಲ್ಲ.
‘ಈಗ ಯಾವುದು ಓದ್ತಾ ಇದ್ದೀರಿ?’ ಅಂದೆ, ಅಷ್ಟೇ.
‘ಯಾರು ಅಂತ ಮಾತ್ರ ಹೇಳಬೇಡಿ.’