ಮೊದಲ ಹಿಡಿ

ಗಿರಣಿಯ ಗಂಟಲಲ್ಲಿ ಹಿಂದಿನವರ ಹಿಟ್ಟು ಉಳಿದಿರುತ್ತೆ.
ಯಾರು ಏನೇ ಸುರಿಯಲಿ, ಮೊದಲ ಹಿಡಿ ಅವರದಲ್ಲ.
ನಮ್ಮತ್ತೆ ಅದನ್ನು ಡಬ್ಬಕ್ಕೆ ಬಿಟ್ಟುಕೊಂಡು
ಸಂಜೆ ಹಸುವಿನ ಕಲಗಚ್ಚಿಗೆ ಕಲಸುತ್ತಿದ್ದರು.
ಯಾರ ಹಿಂದೆ ಯಾರು ಬೀಸಿಸಬೇಕು ಅನ್ನುವುದಕ್ಕೂ
ಆಗ ಊರಿಗೊಂದು ಲೆಕ್ಕವಿತ್ತು.

ವಸಂತನರಸಾಪುರದಲ್ಲಿ ಚಿಮಣಿಗಳೆದ್ದ ವರ್ಷ
ಕೋರ ರಸ್ತೆಯ ನಮ್ಮ ಗಿರಣಿಗೆ ರಾಮ್‌ಬಿಲಾಸ ಮಹತೋ ಬಂದ.
ಸಿಮೆಂಟು ಚೀಲದಲ್ಲಿ ಐದು ಕೇಜಿ ಹುರಿದ ಕಡಲೆ.
'ಸತ್ತು' ಅಂದ.
ಯಾರಪ್ಪಾ ಸತ್ತಿದ್ದು, ಅಂದೆ.
ಗಾಬರಿಯಾಗಿ, ಬೆರಳು ಜೋಡಿಸಿ
ಬಾಯಿಗೆ ಒಯ್ದು ತೋರಿಸಿದ: ಊಟ, ಅಮ್ಮಾ, ಊಟ.
ನಮ್ಮ ಯಜಮಾನರು ನಕ್ಕೂ ನಕ್ಕೂ
ಬೆಲ್ಟು ಹಾಕುವುದನ್ನೇ ಮರೆತರು.

ಹುಣಸೆ ತೋಪಿನಾಚೆ ಶೀಟಿನ ಸಾಲುಮನೆಗಳು.
ಕೋಣೆಗೆ ಆರು ಜನ, ಹಗಲಿಗೆ ಮೂರು, ರಾತ್ರಿಗೆ ಮೂರು,
ಚಾಪೆಯ ಬಿಸಿ ಆರಿದ್ದೇ ಇಲ್ಲ.
ಸೀತಾಮಢಿ, ಬಾಲೇಶ್ವರ,
ಗೊಡ್ಡಾ ಅಂತಲೂ ಒಂದೂರಂತೆ, ಅಲ್ಲೂ ಹಸು ಈಯುತ್ತವಂತೆ.

ಫೌಂಡ್ರಿಯಲ್ಲಿ ಬಿಪಿನ ಬೆಹೆರಾ ಹೋದ ರಾತ್ರಿ
ಆಂಬುಲೆನ್ಸಿನವನು ಕೇಳಿದ್ದು ತೊಂಬತ್ತು ಸಾವಿರ.
ನಮ್ಮ ತಕ್ಕಡಿಯ ಪಕ್ಕ ಕೂತು ನೋಟು ಎಣಿಸಿದರು,
ಬೆವರಿಗೆ ಅಂಟಿಕೊಂಡ ಹತ್ತು, ಇಪ್ಪತ್ತು,
ಬೆಳಕು ಹರಿಯುವವರೆಗೆ.
ಆಮೇಲೆ ಗಿರಣಿಯ ಮೊಳೆಗೆ ಒಂದು ನೋಟ್‌ಬುಕ್ಕು ಬಂತು.
ಭಾನುವಾರಕ್ಕೆ ತಲೆಗೆ ಇಪ್ಪತ್ತು.
ಹಿಂದಿಯವರ ಹೆಸರು ತೊಲೆಗೆ ಕಟ್ಟಿದ ಜೋಳದ ತೆನೆ.
ಒಡಿಯಾದವರದು ನಮ್ಮ ಅಕ್ಷರದಂತೆಯೇ ದುಂಡಗೆ,
ಇನ್ನೇನು ಓದಿಬಿಡುತ್ತೇನೆ ಅನ್ನಿಸಿ, ಒಂದೂ ಬಾರದು.

ಕಾರ್ತಿಕದಲ್ಲಿ ಅವರ ಹೆಂಗಸರು ಕೆರೆ ಕೇಳಿದರು,
ನೀರಲ್ಲಿ ನಿಂತು ಸೂರ್ಯನಿಗೆ ಕೈಮುಗಿಯಬೇಕಂತೆ.
ಆಗೋದಿಲ್ಲ, ಅಂದ ಪಟೇಲರ ಮಗ ಪುಟ್ಟರೇವಣ್ಣ.
ಗಂಡಸರು ಎರಡು ದಿನ ರಜೆ ಹಾಕಿ ಏರಿಯ ಜಾಲಿ ಕಡಿದರು,
ಹತ್ತು ವರ್ಷದ ಬಾಟಲಿ ಹೆಕ್ಕಿದರು.
ರೇವಣ್ಣ ಬಂದು ನೋಡಿ,
ಸೋಪು ಹಾಕಬೇಡಿ, ಎಂದಷ್ಟೇ ಹೇಳಿ ಹೋದ.
ಮೂಗಿನ ತುದಿಯಿಂದ ಬೈತಲೆವರೆಗೆ ಕುಂಕುಮ ಎಳೆದ ಸುನೈನಾ
ಸೊಂಟದ ನೀರಲ್ಲಿ ಕಬ್ಬು ಹಿಡಿದು ನಡುಗುತ್ತಿದ್ದಳು.
ದಡದಲ್ಲಿ ನಾನು ಅವಳ ಕೂಸು ಹಿಡಿದಿದ್ದೆ.
ಚೆನ್ನಾಗಿ ಕಚ್ಚಿತು.

ಹೋದ ಮಾಘದಲ್ಲಿ ನಮ್ಮ ಯಜಮಾನರು.
ಊರಲ್ಲಿ ಆಗ ಎರಡು ಪಾರ್ಟಿ, ಅರ್ಧ ಊರು ಬಾಗಿಲು ತೆರೆಯಲೇ ಇಲ್ಲ.
ರಾಮ್‌ಬಿಲಾಸ ಮೊಳೆಯಿಂದ ಪುಸ್ತಕ ತೆಗೆದು
ಹಣ ತಂದಿಟ್ಟ. ಅವರ ಹೆಸರಿಲ್ಲವಲ್ಲೋ, ಅಂದೆ.
ಎರಡನೇ ಪುಟ ತಿರುವಿ ಬೆರಳಿಟ್ಟ:
ಮೊದಲ ಭಾನುವಾರದಿಂದ, ಒಂದೂ ತಪ್ಪದೆ,
ನನಗೆ ಬಾರದ ಅಕ್ಷರದಲ್ಲಿ, ಹನುಮಂತರಾಯ.

ನನಗೊಂದು ಮಾತು ಹೇಳಿರಲಿಲ್ಲ, ಮಹರಾಯ.

ಹಸು ಮಾರಿ ಬಹಳ ದಿನವಾಯಿತು. ಡಬ್ಬ ಎಲ್ಲೋ ಇದೆ.
ಕಡಲೆಯ ಹಿಂದೆ ರಾಗಿ ಸುರಿದರೆ
ಮುದ್ದೆಗೆ ಸ್ವಲ್ಪ ಹುರಿದ ವಾಸನೆ.
ಇವತ್ತು ಇಪ್ಪತ್ತು ರೂಪಾಯಿ ಕೊಟ್ಟೆ. ಹೆಸರು, ಅಮ್ಮಾ? ಅಂದ.
ಇಷ್ಟು ವರ್ಷ ಕರೆದವನಿಗೆ ನನ್ನ ಹೆಸರು ಗೊತ್ತಿರಲಿಲ್ಲ.
ಹೇಳಿದೆ. ಬರೆದ.
ಸರಿಯಾಗಿ ಬರೆದನೋ ಇಲ್ಲವೋ, ಯಾರಿಗೆ ಗೊತ್ತು.