ಭರಣಿಗೆ ಕಿವಿ

ಇಂದ್ರಾಳಿ ಸ್ಟೇಷನ್ನಿನಲ್ಲಿ ನನ್ನ ರಿಕ್ಷಾ ಹತ್ತಿದವರು
ತಿಕೋಟಾದ ಗುರಸಿದ್ದಪ್ಪ, ಹೆಂಡತಿ ನೀಲವ್ವ.
"ದೇವರನ್ನ ನಾಳೆ ನೋಡತೀವ್ರೀ.
ಇವತ್ತ ನಿಮ್ಮ ಮಣ್ಣಾಗ ಏನ್ ಬೆಳಿತೈತಿ ತೋರಸ್ರಿ,
ವೈನ್ ಮಾಡೋ ತೋಟ ಇದ್ರ ಅದನ್ನೂ."

ಮೀಟರು ಹಾಕಲಿಲ್ಲ ನಾನು.
ಹೇಳಲೂ ಇಲ್ಲ:
ಆ ಜ್ವರದ ವರ್ಷದಿಂದ ನನ್ನ ಮೂಗು ಮುಚ್ಚಿದ ಅಂಗಡಿ.
ಬಂಗುಡೆ, ಬೆಲ್ಲ, ಪೆಟ್ರೋಲು
ಎಲ್ಲಕ್ಕೂ ಒಂದೇ ಬಿಳಿ ರುಚಿ.

ಮಟ್ಟುವಿನಲ್ಲಿ ಹೊಳೆ ಈಚೆ, ಕಡಲು ಆಚೆ,
ನಡುವೆ ಚಾಪೆ ಹಾಸಿದಷ್ಟು ಗದ್ದೆ.
ದೇಜು ಬಂಗೇರರು ಗುಳ್ಳದ ಕೆನ್ನೆಗೆ ಚೀಟಿ ಅಂಟಿಸುತ್ತಿದ್ದರು,
ಶಾಲೆಗೆ ಹೊರಟ ಮಕ್ಕಳಿಗೆ ಬೊಟ್ಟಿಡುವ ಹಾಗೆ.
"ಬೇರೆ ಊರಿನದ್ದು ನಮ್ಮ ಹೆಸರಲ್ಲಿ ಮಾರ್ತಾರೆ ಮಾರಾಯ್ರೆ.
ಹುಳಿಗೆ ಹಾಕಿದರೆ ಅದು ಕರಗಿ ನೀರು.
ಇದು ಬೆಂದರೂ ಮಾನ ಬಿಡುವುದಿಲ್ಲ."
ನೀಲವ್ವ ತೊಟ್ಟು ಹಿಡಿದು ಚುಚ್ಚಿಸಿಕೊಂಡಳು,
ಬೆರಳು ಬಾಯಿಗಿಟ್ಟು ನಕ್ಕಳು,
"ಇದರ ರುಚಿ ಮೊದಲ ಸಿಕ್ಕತ ನೋಡ್ರಿ."
ಆ ಮುಳ್ಳು ನನಗೂ ಗೊತ್ತು.
ಮುಳ್ಳಿಗೆ ಮೂಗು ಬೇಡ.

ತೆಂಕು ದಾರಿಯಲ್ಲಿ, ತೆಂಗಿನ ತಲೆಯಿಂದ
ಟಕ್ ಟಕ್, ಟಕ್.
ರಿಕ್ಷಾ ತಾನಾಗಿ ನಿಧಾನವಾಯಿತು.
ಅಪ್ಪನೂ ಹೀಗೇ ತಟ್ಟುತ್ತಿದ್ದ, ಎಲುಬಿನ ತುಂಡಿನಲ್ಲಿ,
ಹೊಂಬಾಳೆಗೆ ನೋವಾಗದಂತೆ, ಆದರೆ ನಿದ್ದೆ ಹತ್ತದಂತೆ,
ದಿನಕ್ಕೆ ಮೂರು ಹೊತ್ತು, ಹದಿನಾಲ್ಕು ಮರ.
ಸಂಜೆ ಅಪ್ಪನಿಗಿಂತ ಮೊದಲು
ಅಪ್ಪನ ವಾಸನೆ ಅಂಗಳ ದಾಟುತ್ತಿತ್ತು.
"ಏನ್ರೀ ಅದು ಸಪ್ಪಳ?"
"ಸಣ್ಣಕ್ಕೆ ಕಳ್ಳು ಇಳಿಸುತ್ತಿದ್ದಾರೆ," ಎಂದೆ,
ಗೇರು ಬದಲಿಸಿದೆ.

ಶಂಕರಪುರದ ಸೆವ್ರಿನ್ ಬಾಯಿ
ಬೆಳಗಿನ ಎರಡು ಚೆಂಡು ಮಲ್ಲಿಗೆ ಕಳಿಸಿಯಾಗಿತ್ತು.
ಚೆಂಡಿಗೆ ಎಂಟುನೂರು ಹೂ.
ಕಟ್ಟಿ ಕಟ್ಟಿ ಅವರ ಮಾತೂ ಈಗ
ನಾಲ್ಕು ನಾಲ್ಕೇ ಶಬ್ದ, ನಡುವೆ ಬಾಳೆನಾರು.
ಸಿಗಡಿ ಬೇಡವೆಂದದ್ದಕ್ಕೆ ಬರೀ ಗುಳ್ಳದ ಗಸಿ,
ಹಬೆಯಾಡುವ ಸಣ್ಣ, ಬಾಳೆಲೆ.
ವೈನ್ ಎಂದಾಗ ಬಾಗಿಲ ಕಡೆ ನೋಡಿದರು.
"ಮಾರುವುದಕ್ಕಿಲ್ಲ. ಬೋರ್ಡಿಲ್ಲ. ನೆಂಟರಿಗೆ ಇದೆ."

ಏಣಿಯ ಕೆಳಗೆ, ಮೊದಲು ಅಕ್ಕಿಮುಡಿ ಇರುತ್ತಿದ್ದಲ್ಲಿ,
ಎರಡು ಭರಣಿ.
ಒಂದು ಕಳೆದ ವರ್ಷದ ನೇರಳೆ.
ಇನ್ನೊಂದು ಗೇರುಹಣ್ಣು, ಹನ್ನೊಂದೇ ದಿನದ್ದು,
ಬಾಯಿಗೆ ಹಳೆ ಬಿಳಿಬಟ್ಟೆ, ಮುಟ್ಟಬಾರದು.

ಗುರಸಿದ್ದಪ್ಪ ಸ್ಟೀಲಿನ ಲೋಟ ಹಿಡಿದು ಸುಮ್ಮನೆ ನಿಂತ.
"ಇಪ್ಪತ್ತೆರಡು ವರ್ಷ ದ್ರಾಕ್ಷಿ ಬೆಳದೀನ್ರೀ.
ಲಾರಿ ಬರತೈತಿ, ತೂಕ ಆಗತೈತಿ, ಹೋಗತೈತಿ.
ಮುಂದ ಅದು ಏನಾಗತೈತಿ
ನನ್ನ ನಾಲಿಗಿಗೆ ಗೊತ್ತಿಲ್ಲ."
ಕುಡಿದ. ಏನೂ ಹೇಳಲಿಲ್ಲ.
ನೀಲವ್ವ ಲೋಟ ಕಸಿದು ಉಳಿದದ್ದು ಮುಗಿಸಿದಳು.
ಆಮೇಲೆ ಇಬ್ಬರೂ
ನೇರಳೆಯಾದ ನಾಲಿಗೆ ಚಾಚಿ ಒಬ್ಬರಿಗೊಬ್ಬರು ತೋರಿಸಿದರು,
ಮದುವೆಯಾಗಿ ಮೂವತ್ತು ವರ್ಷದವರು.

ನನಗೆ ಬೇಡ, ಗಾಡಿ ಬಿಡಬೇಕು ಎಂದೆ.
ಅರ್ಧ ನಿಜ.
ಸೆವ್ರಿನ್ ಬಾಯಿ ಇನ್ನರ್ಧವನ್ನು ನೋಡಿದರು.
"ಕಿವಿ ಇದೆಯಲ್ಲ ಜಗ್ಗು. ಬಾ."

ಬಗ್ಗಿ, ಬಿಳಿಬಟ್ಟೆಗೆ ಕಿವಿಯಿಟ್ಟೆ.
ಮೊದಲು ನನ್ನದೇ ರಕ್ತದ ಸದ್ದು.
ಮತ್ತೆ, ಆಳದಲ್ಲಿ,
ಇಳಿತದ ಹೊತ್ತು ಹೊಳೆಯ ಕೆಸರಲ್ಲಿ
ಏಡಿಗಳು ಉಸಿರು ಬಿಟ್ಟ ಹಾಗೆ.
ಅಲ್ಲ.
ಅಪ್ಪನ ಸೊಂಟದ ಸೋರೆಬುರುಡೆ.
ಅವನು ಇಳಿದು ನಿಂತ ಮೇಲೂ
ಅದರೊಳಗೆ ಏರುತ್ತಲೇ ಇರುತ್ತಿದ್ದ ನೊರೆ.
ನಾನು ಅದರ ಎತ್ತರವೇ ಇದ್ದೆ ಆಗ.

ಎಷ್ಟು ಹೊತ್ತು ಹಾಗಿದ್ದೆನೋ,
ಹೊರಗೆ ಹಾರನ್ ಒತ್ತಿದರು.

ಲಾಡ್ಜಿಗೆ ಬಿಟ್ಟು ಮನೆಗೆ ಬಂದರೆ ಹಿಂದಿನ ಸೀಟಿನಲ್ಲಿ
ಅವರು ಮರೆತ ಗುಳ್ಳ ಒಂದು.
ಹೆಚ್ಚುವ ಮೊದಲು ಚೀಟಿ ಸುಲಿದೆ.
ಅದು ಹೆಬ್ಬೆರಳಿಗೆ ಅಂಟಿ ಕುಳಿತಿತು.
ಯಾವ ಗದ್ದೆ, ಯಾರದ್ದು, ನಂಬರು ಎಲ್ಲ ಇದೆ.
ಕೈ ತೊಳೆದೆ, ಉಂಡೆ,
ಇನ್ನೂ ತೆಗೆದಿಲ್ಲ.